ಕಾಖಂಡಕಿ ಸಾವಂತ್ರವ್ವ ಟೂಟೂ ಕೇಳಿದ್ದು

ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿದ್ದ ಅನುರಾಧಾಳ ಅಂಗಡಿಗೆ ಹೆಂಗಸರು ಜಂಪರು ಹೊಲಿಸಲು ಬರುತ್ತಿದ್ದರೋ ಅವಳ ಬಾಯಿ ಕೇಳಲು ಬರುತ್ತಿದ್ದರೋ ಹೇಳುವುದು ಕಷ್ಟ. ತುಟಿಯಲ್ಲಿ ನಾಲ್ಕು ಗುಂಡುಪಿನ್ನು ಕಚ್ಚಿಕೊಂಡೇ ಅವಳು ತಿಕೋಟಾ ಬಸ್ಸಿನ ಕಂಡಕ್ಟರಾಗುತ್ತಿದ್ದಳು. ಪಿನ್ನು ತೆಗೆದರೆ ಬ್ಯಾಂಕಿನ ಕ್ಯಾಷಿಯರು. ಟೇಪು ಸುತ್ತಿ ಕೊರಳಿಗೆ ಹಾಕಿಕೊಳ್ಳುವಷ್ಟರಲ್ಲಿ ಎದುರು ನಿಂತ ಗಿರಾಕಿಯ ಅತ್ತೆಯೇ ಅವಳ ಗಂಟಲಿನಿಂದ ಇಳಿದು ಬಂದು ಸೊಸೆಗೆ ಬೈಯುತ್ತಿದ್ದಳು. ಒಬ್ಬರಿಂದ ಅವಳು ಎರಡು ಅಳತೆ ತೆಗೆದುಕೊಳ್ಳುತ್ತಿದ್ದಳು, ಮೈಯದು ಒಂದು, ದನಿಯದು ಒಂದು. ಹಾಗಾಗಿ ಜಂಪರು ವಾರ ತಡವಾದರೂ ಯಾರೂ ಕೂಗಾಡುತ್ತಿರಲಿಲ್ಲ.

ಆದರೆ ಈ ಡಿಸೆಂಬರಿನಲ್ಲಿ ಅಂಗಡಿ ತಣ್ಣಗಿತ್ತು. ಅನುರಾಧಾ ಯಾರ ದನಿಯನ್ನೂ ತೆಗೆಯುತ್ತಿರಲಿಲ್ಲ. ಕಾರಣ ಅಥಣಿ ರಸ್ತೆಯಲ್ಲಿ, ಒಂದು ಗಾಜಿನ ಬಾಗಿಲಿನ ಹಿಂದೆ ನಿಂತಿತ್ತು. ಅದಕ್ಕೆ ತಲೆಯಿರಲಿಲ್ಲ.

ಅದೊಂದು ಬೊಂಬೆ. ಮೈಮೇಲೆ ಬಿಳಿ ಬಾಡಿ, ಸೊಂಟದ ಸುತ್ತ ಅಡ್ಡಡ್ಡಲಾಗಿ ಹರಡಿದ ಬಿಳಿ ಜಾಳಿಗೆಯ ಲಂಗ. ಲಂಗವೆಂದರೆ ಕೆಳಗೆ ಇಳಿಯಬೇಕು ಎಂಬ ಸಾಮಾನ್ಯ ತಿಳುವಳಿಕೆಯೂ ಅದಕ್ಕಿರಲಿಲ್ಲ. ಮೋಡವೊಂದನ್ನು ಹಪ್ಪಳದಂತೆ ಲಟ್ಟಿಸಿ ಸೊಂಟಕ್ಕೆ ಸಿಕ್ಕಿಸಿದಂತೆ ನಿಂತಿತ್ತು. ಮದುವೆಯೊಂದರಿಂದ ಆಟೋದಲ್ಲಿ ಬರುತ್ತಿದ್ದ ಅನುರಾಧಾ ಅದನ್ನು ನೋಡಿ ಕುತ್ತಿಗೆ ತಿರುಗಿಸಿದಳು, ಆಟೋ ಮುಂದೆ ಹೋದಷ್ಟೂ ಇನ್ನೂ ತಿರುಗಿಸಿದಳು. ಹಿಡಿದ ಕುತ್ತಿಗೆ ಎರಡು ದಿನ ಬಿಡಲಿಲ್ಲ. ಮೇಲಿನ ಫಲಕದಲ್ಲಿ ಓದಿದ್ದು ಇವತ್ತಿಗೂ ಬಿಟ್ಟಿಲ್ಲ: 'ಆಮ್ರಪಾಲಿ ಬುಟೀಕ್.'

ಆಮ್ರಪಾಲಿ! ತಿಕೋಟಾದ ಸೋನಾಬಾಯಿಯ ಮಗಳು. ಇದೇ ಅಂಗಡಿಯ ಮೆಟ್ಟಿಲ ಮೇಲೆ ಮೂರು ವರ್ಷ ಕೂತು ಹುಕ್ಕು ಹಚ್ಚಿದವಳು, ಕಾಜಾ ಮಾಡಿದವಳು. ಅನುರಾಧಾ ದನಿ ತೆಗೆದರೆ ನಕ್ಕು ನಕ್ಕು ಸೂಜಿ ಕಳೆದುಕೊಳ್ಳುತ್ತಿದ್ದವಳು. ಅವಳ ಚಹಾದ ಸ್ಟೀಲು ಲೋಟ ತಂತಿಯ ಹಿಡಿಕೆಯಿಂದ ಬಾಗಿಲ ಪಕ್ಕದ ಮೊಳೆಗೆ ಇನ್ನೂ ನೇತಾಡುತ್ತಿದೆ. ಆಮೇಲೆ ಅದೆಂಥದೋ ಫ್ಯಾಷನ್ ಡಿಸೈನ್ ಡಿಪ್ಲೊಮಾ ಮಾಡಿದಳಂತೆ. ಮಾಡಲಿ, ಬೇಡ ಅಂದವರಾರು? ಆದರೆ ಗಾಜಿನ ಬಾಗಿಲು ಯಾಕೆ ಬೇಕಿತ್ತು?

"ಗಾಜು ಹಾಕಿದ್ರ ಒಳಗಿಂದು ಕಾಣತೈತಿ ಅಂತ ಹಾಕ್ಯಾಳ," ಅಂದಳು ಮಾಶಾಬಿ. ಅರವತ್ತು ದಾಟಿದ ಮಾಶಾಬಿ ಅಂಗಡಿಯಲ್ಲಿ ಅಂಚು ಹೊಲಿಯುವವಳು, ಅಂಚಿನಲ್ಲೇ ಕೂತು ನಡುವಿನ ಮಾತು ಆಡುವವಳು. "ನಿನ್ನ ಹೊಟ್ಟಿಗೆ ಗಾಜ ಹಾಕಿಸಿದ್ರ ಏನ್ ಕಂಡೀತು ಬೇ ಅನು?"

"ನನಗೇನ್ ಹೊಟ್ಟಿ ಉರೀತೈತಿ? ಆ ಅರಿವೀ ನೋಡಿದೇನು? ಬರೇ ತೂತು."

"ಅದರ ಹೆಸರು ಟೂಟೂ ಅಂತ."

"ಅದನ್ನ ಅಂದೆ ನಾನೂ."

ಇಷ್ಟೇ ಆಗಿದ್ದರೆ ಉರಿ ಹೊಟ್ಟೆಯಲ್ಲೇ ಇದ್ದು ಬೂದಿಯಾಗುತ್ತಿತ್ತೇನೋ. ಆದರೆ ಬಬಲೇಶ್ವರದಿಂದ ಹೆಡ್‌ಮಾಸ್ತರ್ ಸತೀಶಕುಮಾರರ ಫೋನು ಬಂತು. ಅವರ ಶಾಲೆಯ ಗ್ಯಾದರಿಂಗಿಗೆ, ಅಂದರೆ ವಾರ್ಷಿಕೋತ್ಸವಕ್ಕೆ, ಹದಿನೆಂಟು ವರ್ಷದಿಂದ ವೇಷ ಹೊಲಿದುಕೊಟ್ಟವಳು ಅನುರಾಧಾ ಒಬ್ಬಳೇ. ನವಿಲು ಅವಳದು, ರೈತ ಅವಳವನು, ಒಮ್ಮೆ ನಲವತ್ತು ಜೋಳದ ತೆನೆಗಳು. ಸ್ಟೇಜಿನ ಹಿಂದೆ ನಿಂತು, ಜನ ಚಪ್ಪಾಳೆ ತಟ್ಟಿದ್ದು ಕುಣಿದ ಮಕ್ಕಳಿಗಲ್ಲ, ತನ್ನ ಹೊಲಿಗೆಗೆ ಎಂದು ಪ್ರತಿ ವರ್ಷ ಖುಷಿಪಡುವುದು ಅವಳ ಹಬ್ಬ.

"ಅಕ್ಕಾರ, ಈ ಸಲ ಹನ್ನೆರಡು ಹುಡುಗ್ಯಾರ್ದು ಬ್ಯಾಲೆ ಡಾನ್ಸ್ ಇಟ್ಟೇವ್ರಿ. ಟೂಟೂ ಬೇಕಾಗ್ಯಾವ," ಅಂದರು ಮಾಸ್ತರು. "ಆಮ್ರಪಾಲಿ ಮೇಡಮ್ಮಾರೂ ಒಂದು ಸ್ಯಾಂಪಲ್ ತರಾವ್ರು ಅದಾರ. ನೀವೂ ಒಂದು ತರ್ರಿ. ಶುಕ್ರವಾರ ಎರಡೂ ಒಂದ ಹುಡುಗಿಗೆ ಹಾಕಿ ನೋಡೂಣು. ಚಂದ ಕಂಡದ್ದಕ್ಕ ಆರ್ಡರ್. ಏನಂತೀರಿ?"

ಅನುರಾಧಾ ಆಗಲಿ ಅಂದಳು. 'ಮೇಡಮ್ಮಾರು' ಎಂಬ ಶಬ್ದ ಮೀನಿನ ಮುಳ್ಳಿನಂತೆ ಗಂಟಲಲ್ಲಿ ನಿಂತಿತ್ತು. ಮೂರು ವರ್ಷ ಹುಕ್ಕು ಹಚ್ಚಿದವಳು ಮೇಡಮ್ಮು, ಹದಿನೆಂಟು ವರ್ಷ ಹೊಲಿದವಳು ಬರೀ ಅಕ್ಕ.

ಈಗ ಟೂಟೂ ಹೊಲಿಯಬೇಕು. ಜಾಳಿಗೆ ಪೇಟೆಯಲ್ಲಿ ಸಿಕ್ಕಿತು. ನೆರಿಗೆ ಹಿಡಿದು ಸೊಂಟಪಟ್ಟಿಗೆ ಹಚ್ಚಿದಳು. ಎತ್ತಿ ಹಿಡಿದರೆ ಅದು ತೊಯ್ದ ಕೋಳಿಯಂತೆ ಜೋತುಬಿತ್ತು. ಇನ್ನೆರಡು ಪದರು ಕೂಡಿಸಿದಳು. ಎರಡು ತೊಯ್ದ ಕೋಳಿ. ಯೂಟ್ಯೂಬಿನಲ್ಲಿ ನೋಡಿದಳು; ಅಲ್ಲಿಯ ಹೆಂಗಸು ಇಂಗ್ಲಿಷಿನಲ್ಲಿ ಎಷ್ಟು ಬೇಗ ಹೇಳುತ್ತಿದ್ದಳೆಂದರೆ ಅವಳ ದನಿ ಮಾತ್ರ ಕಲಿಯಲು ಬಂತು, ಹೊಲಿಗೆ ಬರಲಿಲ್ಲ.

ಬುಧವಾರ ಮಧ್ಯಾಹ್ನ ಅವಳು ಬಾಗಿಲು ಅರ್ಧ ಎಳೆದು, ಮಾಶಾಬಿಯ ಮುಂದೆ ಕೈ ಚಾಚಿದಳು.

"ನಿನ್ನ ಫೋನ್ ಕೊಡು. ನನ್ನ ನಂಬರ್ ಆಮ್ರಪಾಲಿ ಹಂತೇಕ ಇರತೈತಿ."

ಮಾಶಾಬಿ ಫೋನು ಕೊಟ್ಟಳು. ಕೊಡುವಾಗ ಅವಳ ಮೂಗಿನ ತುದಿ ನಗುತ್ತಿದ್ದುದನ್ನು ಅನುರಾಧಾ ಗಮನಿಸಬೇಕಿತ್ತು. ಗಮನಿಸಲಿಲ್ಲ. ಅವಳಾಗಲೇ ಸೆರಗು ತಲೆ ಮೇಲೆ ಎಳೆದುಕೊಂಡು, ಬಾಯಲ್ಲಿ ಇಲ್ಲದ ಎಲೆಯಡಿಕೆ ತುಂಬಿಕೊಂಡು, ಕಾಖಂಡಕಿಯ ಮುದುಕಿಯಾಗಿದ್ದಳು.

"ಹಲೋ, ಯಾರು, ಆಮ್ರಪಾಲೇನವ್ವಾ? ನಾ ಕಾಖಂಡಕಿ ಸಾವಂತ್ರವ್ವ ಅದೇನಿ. ನನ್ನ ಮೊಮ್ಮಗಳು ಕನ್ನಡಿ ಬಾಗಲದಾಗಿಂದು ಅಂಗಿ ಬೇಕಂತ ಹಟಾ ಹಿಡದೈತಿ. ಅದೇನ್ ಅಂಗೀನೋ ಕೊಡೀನೋ ನನಗ ತಿಳೀವಲ್ದು."

ಆ ಕಡೆ ಆಮ್ರಪಾಲಿ, ನೀರು ಕುಡಿಯುವಾಗ ನಗು ಬಂದವರಂತೆ ಒಮ್ಮೆ ಕೆಮ್ಮಿ, "ಹೇಳ್ರಿ ಆಯಿ. ಟೂಟೂ ಅಂತಾರ್ರಿ ಅದಕ್ಕ. ಪುರುಸೊತ್ತು ಐತೇನ್ರಿ? ಅದರ ಕಥಿ ಭಾಳ ಉದ್ದ, ಅಂಗಿ ಅಷ್ಟ ಗಿಡ್ಡ," ಅಂದಳು.

"ಹೇಳವ್ವಾ. ನನಗೇನ್ ದಗದ ಐತಿ?"

"ಇನ್ನೂರು ವರ್ಷದ ಹಿಂದ ಪ್ಯಾರಿಸಿನಾಗ ಕುಣ್ಯಾವ್ರು ಬೆರಳ ತುದೀ ಮ್ಯಾಲೆ ನಿಂತು ಕುಣಿಯೂದು ಕಲತ್ರು ಆಯಿ. ಕಷ್ಟಪಟ್ಟು ಕಲತದ್ದು ಮಂದಿಗೆ ಕಾಣಬ್ಯಾಡೇನ್ರಿ? ಅದಕ್ಕ ಲಂಗ ಪಾದ ಬಿಟ್ಟು ಮೀನಖಂಡಕ್ಕ ಏರತು. ಬಿಳೇದು, ತೆಳ್ಳಂದು, ಗಂಟಿ ಇದ್ದಂಗ. ಆಮ್ಯಾಲೆ ಇಟಲಿ ಕಡೆಯವ್ರು ಬಂದ್ರು, ನಮ್ಮ ಮೊಣಕಾಲಿನ ಕೆಲಸಾನೂ ನೋಡ್ರಿ ಅಂದ್ರು. ಏರಿ ಏರಿ ಸೊಂಟಕ್ಕ ಬಂದು ತಾಟಿನಂಗ ನಿಂತಬಿಡ್ತು."

"ಟೂಟೂ ಅಂದ್ರ ಏನವ್ವಾ?"

"ಜಾಳಿಗೀ ಅರಿವೀ ಹೆಸರಿಂದ ಬಂತು ಅಂತಾರ ಕೆಲವ್ರು. ಇನ್ನ ಕೆಲವ್ರು, ಅಲ್ಲಿ ಸಣ್ಣ ಹುಡುಗೂರು ಕುಂಡಿಗೆ ಹಂಗ ಅಂತಾವ, ಅದರಿಂದ ಬಂತು ಅಂತಾರ."

ಸಾವಂತ್ರವ್ವನೊಳಗಿನ ಅನುರಾಧಾ ಪಕ್ಕನೆ ನಗುವುದರಲ್ಲಿದ್ದಳು. ಎಲೆಯಡಿಕೆ ಉಗುಳಿದಂತೆ ಮಾಡಿ ತಪ್ಪಿಸಿಕೊಂಡಳು.

"ಆಗ ಸ್ಟೇಜಿನ ಮ್ಯಾಲೆ ಗ್ಯಾಸಿನ ದೀಪ ಇದ್ದೂರಿ," ಆಮ್ರಪಾಲಿಯ ದನಿ ಸಣ್ಣದಾಯಿತು. "ಲಂಗ ತಾಗಿ ಬೆಂಕಿ ಹತ್ತಿ ಹುಡುಗ್ಯಾರು ಸತ್ತಾರ ಆಯಿ. ಪಟಕದಂಥಾದ್ದು ಕಲಸಿದ ನೀರಾಗ ಅದ್ದಿದ್ರ ಬೆಂಕಿ ಹತ್ತೂದಿಲ್ಲ ಅಂತ ಹೇಳಿದ್ರಂತ. ಕ್ಷೌರದವ್ರು ಹಚ್ಚತಾರಲ್ರಿ, ಆ ಪಟಕ. ಖರೆ, ಅದ್ದಿದ್ರ ಅರಿವಿ ಪೆಡಸ ಆಗತಿತ್ತು, ಮಾಸಿದಂಗ ಕಾಣತಿತ್ತು. ಒಲ್ಲೆ ಅಂದ್ರು. ಹಗರ ಇರಬೇಕು ಅನ್ನೂ ಆಸೇಕ ಜೀವಾನ ಕೊಟ್ರು."

"ಅದ್ದತಿದ್ರು?" ಅನುರಾಧಾಳ ಕಿವಿ ನಿಮಿರಿತು. ಒಲ್ಲೆ ಅಂದ ಮಾತು ಆ ಕಿವಿಯ ಹತ್ತಿರವೂ ಹೋಗಲಿಲ್ಲ.

"ಎರಡನೇ ಮಹಾಯುದ್ಧ ಮುಗದ ಮ್ಯಾಲೆ ಪ್ಯಾರಿಸಿನ ದೊಡ್ಡ ಟೇಲರ್‌ಗೋಳು ಆ ಜಾಳಿಗೀನ ಶ್ರೀಮಂತ ಹೆಣಮಕ್ಕಳ ಗೌನಿಗೆ ತಂದ್ರು. ಅಲ್ಲಿಂದ ಮದವಿ ಗೌನಿಗೆ, ಬರ್ತ್‌ಡೇ ಫ್ರಾಕಿಗೆ. ಈಗ ನಮ್ಮ ಕಡೆ ಲೆಹೆಂಗಾದ ಒಳಗ ಉಬ್ಬಿ ನಿಲ್ಲಲಿ ಅಂತ ಕ್ಯಾನ್‌ಕ್ಯಾನ್ ಹಚ್ಚತಾರಲ್ರಿ, ಅದೂ ಈ ಟೂಟೂನ ಬೀಗರ ಪೈಕಿನ. ಗುಡಿ ಹಿಂದ ನನಗ ಹೊಲಿಗಿ ಕಲಿಸಿದ ಅಕ್ಕಾರದಾರ, ಹದಿನೈದು ವರ್ಷದಿಂದ ಅದನ್ನ ಹೊಲಿಯಾಕತ್ತಾರ. ಅವರ ನೆರಿಗಿ ಅಂದ್ರ ಗೆರಿ ಹೊಡದಂಗ."

ಹೊಗಳಿಕೆ ಬಂದ ದಾರಿ ನೋಡಿ! ಅನುರಾಧಾಳಿಗೆ ಮೈಯೆಲ್ಲ ಉರಿದುಹೋಯಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಇವಳು ಗಾಜಿನ ಬಾಗಿಲಿನ ಹಿಂದೆ ಕೂತು ಶಹಬ್ಬಾಸ್‌ಗಿರಿ ಹಂಚುತ್ತಾಳೆ.

"ಅದಿರ್ಲಿ. ಗಂಜಿ ಏನ್ ಹಾಕತಿ, ಹೇಳು."

"ಗಂಜಿ ಹಾಕಬ್ಯಾಡ್ರಿ ಆಯಿ. ಏನೂ ಅದ್ದಬ್ಯಾಡ್ರಿ. ನಮ್ಮವ್ವ ತಿಕೋಟಾದಾಗ ಒಣದ್ರಾಕ್ಷಿ ಶೆಡ್ಡಿಗೆ ಹೋಗತಾಳಲ್ರಿ. ಅಲ್ಲಿ ಒಂದರ ಮ್ಯಾಲೊಂದು ಹತ್ತು ಹನ್ನೊಂದು ಜಾಳಿಗಿ ಅಂತಸ್ತು ಕಟ್ಟಿರತಾರ. ನಡುವ ನಡುವ ದಾರ ಹಾಕಿ ಮ್ಯಾಲಿನ ಜಾಳಿಗಿ ಕೆಳಗಿಂದನ್ನ ಹಿಡಕೊಂಡಂಗ ಮಾಡತಾರ. ಟೂಟೂನೂ ಹಂಗ. ಏಳೆಂಟು ಪದರು, ಕೆಳಗ ಗಿಡ್ಡಂದು, ಮ್ಯಾಲೆ ಹೋದಂಗ ಉದ್ದಂದು. ಒಂದಕ್ಕೊಂದು ಅಲ್ಲಲ್ಲಿ ದಾರದ ಟಾಕಿ ಹಾಕೂದು, ಸಡ್ಲ ಬಿಟ್ಟು. ಬಿಗಿ ಎಳದ್ರ ಮುಗೀತು. ಕೆಳಗಿಂದು ಮ್ಯಾಲಿಂದನ್ನ ಹೊತ್ತು ನಿಲ್ಲತೈತಿ. ತಿಳೀತ್ರಿ ಆಯಿ?"

"ತಿಳೀತವ್ವಾ," ಅಂದು ಸಾವಂತ್ರವ್ವ ಫೋನಿಟ್ಟಳು. ಅನುರಾಧಾ ಸೆರಗು ಇಳಿಸಿ, "ನೋಡಿದೇನ್ ಮಾಶಾಬಿ? ದ್ರಾಕ್ಷಿ ತಿನಸಾಕ ನೋಡಿದ್ಳು ನನಗ! ದಾರ ಕಟ್ಟಿದ್ರ ಅರಿವಿ ನಿಲ್ಲತೈತಂತ. ಅದ್ದತಾಳ, ಏನೋ ಒಂದು ಅದ್ದತಾಳ. ಬಾಯಿ ತಪ್ಪಿ ಹೇಳಿ ಆಮ್ಯಾಲೆ ಮುಚ್ಚಿಟ್ಳು," ಅಂದಳು.

"ಆಕಿ ಹೇಳಿದಂಗ ಮಾಡಿ ನೋಡಲಾ."

"ಆಕಿ ಹೇಳಿದಂಗ ನಾ ಮಾಡಲೇನು?"

ಪ್ರಶ್ನೆ ಅಲ್ಲಿಗೆ ಮುಗಿಯಿತು.

ಏನು ಅದ್ದಬೇಕೆಂಬುದು ಮನೆಯ ಶೋಕೇಸಿನಲ್ಲೇ ಇತ್ತು. ಅತ್ತೆ ಗುರುಸಿದ್ದವ್ವ ನಲವತ್ತು ವರ್ಷದ ಹಿಂದೆ ಕ್ರೋಶಾ ದಾರದಲ್ಲಿ ಹೆಣೆದ ಹಂಸ, ಗಾಜಿನ ಪೆಟ್ಟಿಗೆಯೊಳಗೆ ಇವತ್ತಿಗೂ ಕತ್ತೆತ್ತಿ ಕೂತಿದೆ. ಆ ಕಾಲದ ಹೆಂಗಸರೆಲ್ಲ ಕ್ರೋಶಾ ಗೊಂಬೆಗಳನ್ನು ನಿಲ್ಲಿಸುತ್ತಿದ್ದುದು ಒಂದೇ ಉಪಾಯದಿಂದ: ಸಕ್ಕರೆ ಪಾಕ. ಅದ್ದಿ, ಆಕಾರ ಕೊಟ್ಟು, ಒಣಗಿಸಿದರೆ ದಾರ ಕಡ್ಡಿಯಾಗುತ್ತದೆ. ಹಂಸವನ್ನು ಗಾಜಿನ ಪೆಟ್ಟಿಗೆಯಲ್ಲಿ ಯಾಕೆ ಇಟ್ಟಿದ್ದಾರೆಂದು ಅನುರಾಧಾ ಇಷ್ಟು ವರ್ಷ ಕೇಳಿರಲಿಲ್ಲ, ಆಗಲೂ ಕೇಳಲಿಲ್ಲ. ಕೇಳೋಣವೆಂದರೆ ಗುರುಸಿದ್ದವ್ವ ಮಗಳ ಊರಿಗೆ ಹೋಗಿದ್ದಳು.

ಗುರುವಾರ ಒಂದು ಕಿಲೋ ಸಕ್ಕರೆಯ ಪಾಕದಲ್ಲಿ ಟೂಟೂ ಮುಳುಗೆದ್ದಿತು. ತಲೆಕೆಳಗಾದ ದೊಡ್ಡ ಬುಟ್ಟಿಯ ಮೇಲೆ, ಮಾಳಿಗೆಯ ಬಿಸಿಲಿನಲ್ಲಿ ಒಣಗಿತು. ಸಂಜೆ ಮುಟ್ಟಿ ನೋಡಿದಾಗ ಅನುರಾಧಾಳಿಗೆ ಕಣ್ಣಲ್ಲಿ ನೀರು ಬಂತು. ನಿಂತಿದೆ! ಬೆರಳಿನಿಂದ ಹೊಡೆದರೆ ಟಣ್ ಅನ್ನುವಷ್ಟು ನಿಂತಿದೆ. ಬಿಸಿಲಿಗೆ ಸಕ್ಕರೆ ಅಲ್ಲಲ್ಲಿ ಮಿಂಚುತ್ತಿತ್ತು. ಆಮ್ರಪಾಲಿಯದಕ್ಕೆ ಆ ಮಿಂಚು ಎಲ್ಲಿಂದ ಬರಬೇಕು?

ಶುಕ್ರವಾರ ಬಬಲೇಶ್ವರದ ಬಸ್ಸಿನಲ್ಲಿ ಟೂಟೂಗೆ ಪ್ರತ್ಯೇಕ ಸೀಟು ಹಿಡಿದು, ಟಿಕೆಟ್ಟು ತೆಗೆಸಬೇಕೆಂದ ಕಂಡಕ್ಟರನಿಗೆ ಅವನದೇ ದನಿಯಲ್ಲಿ ಉತ್ತರ ಕೊಟ್ಟು, ಅವಳು ಎಷ್ಟೋ ದಿನದ ಮೇಲೆ ಬಸ್ಸಿನ ಮಂದಿಯನ್ನೆಲ್ಲ ನಗಿಸಿದಳು. ಶಾಲೆಯ ಸ್ಟಾಫ್ ರೂಮಿನಲ್ಲಿ ಆಮ್ರಪಾಲಿ ಆಗಲೇ ಬಂದು ಕೂತಿದ್ದಳು. ಎದ್ದು ನಿಂತು, "ಬರ್ರಿ ಅಕ್ಕಾರ," ಅಂದಳು. ಅನುರಾಧಾ ಅವಳ ತಲೆಯ ಮೇಲಿದ್ದ ಗಡಿಯಾರಕ್ಕೆ "ಹೂಂ" ಅಂದು, ತನ್ನ ಟೂಟೂವನ್ನು ಮೂಲೆಯ ಮೇಜಿನ ಮೇಲಿಟ್ಟಳು. ಪಕ್ಕದಲ್ಲಿ ಆಟೋಟದಲ್ಲಿ ಗೆದ್ದವರಿಗೆ ಹಂಚಲು ತಂದ ಬೂಂದಿಯ ಬುಟ್ಟಿಯಿತ್ತು. ಮಾಸ್ತರು ಯಾವುದೋ ಮೀಟಿಂಗಿನಲ್ಲಿದ್ದರು. ಅವರು ಬರಲು ಒಂದೂವರೆ ತಾಸು ಹಿಡಿಯಿತು. ಅಷ್ಟು ಹೊತ್ತೂ ಅನುರಾಧಾ ಆಮ್ರಪಾಲಿಯ ತೊಡೆಯ ಮೇಲಿನ ಚೀಲವನ್ನೇ ನೋಡುತ್ತ ಕೂತಳು. ತನ್ನ ಟೂಟೂವಿನ ಕಡೆ ಒಮ್ಮೆಯೂ ತಿರುಗಲಿಲ್ಲ. ಹೊಟ್ಟೆಕಿಚ್ಚಿಗೆ ಒಂದೇ ದಿಕ್ಕು.

"ನಂದು ಮೊದಲ," ಅಂದಳು, ಮಾಸ್ತರು ಬಂದ ಕೂಡಲೇ. "ಹದಿನೆಂಟು ವರ್ಷದ ಹಿರೇತನ ಐತಿ."

ಎರಡನೇ ಇಯತ್ತೆಯ ವಿಶಾಖಾ ಎಂಬ ಹುಡುಗಿಯನ್ನು ಕರೆದು ತೊಡಿಸಿದರು. ಹಾಲ್‌ನ ನಡುವೆ ನಿಲ್ಲಿಸಿದರೆ, ಅಬ್ಬಾ! ಊಟದ ತಾಟಿನ ನಡುವೆ ಹುಡುಗಿ ನಿಂತಂತಿತ್ತು. ಮಾಸ್ತರು ತಲೆದೂಗಿದರು. ಆಮ್ರಪಾಲಿ ಹುಬ್ಬೇರಿಸಿದಳು, ಅನುರಾಧಾ ಆ ಹುಬ್ಬನ್ನು ಅಳತೆ ಮಾಡಿ ಮನಸ್ಸಿನಲ್ಲಿ ಬರೆದಿಟ್ಟುಕೊಂಡಳು.

"ತಿರುಗು ಪುಟ್ಟಿ."

ವಿಶಾಖಾ ತಿರುಗಿದಳು. ಹುಡುಗಿ ತಿರುಗಿತು, ಲಂಗ ಹಾಗೇ ಇತ್ತು, ಒಂದು ಎಳೆಯೂ ಅಲುಗಲಿಲ್ಲ. ಎರಡನೇ ಸುತ್ತಿಗೆ ಹುಡುಗಿ ನಿಂತುಬಿಟ್ಟಿತು.

"ಸರ್, ಇದರಾಗ ಯಾರೋ ಅಡ್ಡಾಡಾಕತ್ತಾರ್ರಿ."

"ಯಾರದು ಅಡ್ಡಾಡೂದು? ಕುಣೀ."

"ಖರೇನ ಸರ್. ಭಾಳ ಮಂದಿ ಅದಾರ." ಮೊದಲು ಕಿಲಕಿಲ ನಕ್ಕಳು, ಆಮೇಲೆ ಒಂಟಿಕಾಲಲ್ಲಿ ಕುಪ್ಪಳಿಸಿದಳು, ಆಮೇಲೆ ತೊಡೆ ಕೆರೆದುಕೊಳ್ಳುತ್ತ ಹಾಲ್‌ನ ತುಂಬ ಓಡಿದಳು. ಬ್ಯಾಲೆಯ ಇತಿಹಾಸದಲ್ಲಿ ಅಂಥ ಕುಣಿತ ಯಾರೂ ಕುಣಿದಿರಲಿಕ್ಕಿಲ್ಲ. ಹತ್ತಿರ ಹೋಗಿ ನೋಡಿದರೆ ಬಿಳಿ ಟೂಟೂವಿನ ಅಂಚಿನಗುಂಟ ಕಪ್ಪು ಜರಿ ಹಚ್ಚಿದಂತೆ ಇರುವೆಗಳ ಸಾಲು. ಬೂಂದಿಗೆಂದು ಹೊರಟವು, ದಾರಿಯಲ್ಲಿ ಇದಕ್ಕಿಂತ ದೊಡ್ಡ ಊಟ ಕಂಡು ಇಲ್ಲೇ ಇಳಿದಿದ್ದವು. ಕಚ್ಚುವ ಜಾತಿಯವಲ್ಲ, ಪುಣ್ಯ. ಗಾಜಿನ ಪೆಟ್ಟಿಗೆಯೊಳಗಿನ ಹಂಸ ಅನುರಾಧಾಳ ಕಣ್ಣ ಮುಂದೆ ಬಂದು ನಿಂತಿತು. ಈಗ ಅರ್ಥವಾಯಿತು.

ವಿಶಾಖಾ ಬೆರಳು ನೆಕ್ಕಿ ತೀರ್ಪು ಕೊಟ್ಟಳು: "ಸಿಹಿ ಐತಿ."

ಇಡೀ ಸ್ಟಾಫ್ ನಕ್ಕಿತು. ಊರ ಮಂದಿಯನ್ನು ನಗಿಸಿ ಬದುಕಿದವಳಿಗೆ ತಾನು ನಗಿಸದೆ ಮಂದಿ ನಕ್ಕದ್ದು ಅದೇ ಮೊದಲು. ನಗದವಳು ಒಬ್ಬಳೇ. ಆಮ್ರಪಾಲಿ ಮೊಣಕಾಲೂರಿ ಹುಡುಗಿಯ ಹುಕ್ಕು ಬಿಚ್ಚಿ, ಮೈಮೇಲಿನ ಇರುವೆಗಳನ್ನು ಸೆರಗಿನಿಂದ ಒಂದೊಂದಾಗಿ ಜಾಡಿಸುತ್ತಿದ್ದಳು.

ಆಮೇಲೆ ಅವಳದನ್ನು ತೊಡಿಸಿದರು. ಅದರ ಬಗ್ಗೆ ಹೇಳಲು ಅನುರಾಧಾಳಿಗೆ ಇಷ್ಟವಿರಲಿಲ್ಲ, ಆದರೆ ಕಣ್ಣು ಇತ್ತಲ್ಲ. ಹುಡುಗಿ ಹೆಜ್ಜೆ ಎತ್ತಿದರೆ ಲಂಗ ಉಸಿರು ಎಳೆಯುತ್ತಿತ್ತು. ಹುಡುಗಿ ತಿರುಗಿ ನಿಂತರೆ ಲಂಗ ಒಂದು ಗಳಿಗೆ ತಡೆದು, ಪದರು ಪದರಾಗಿ, ಗುಬ್ಬಿ ರೆಕ್ಕೆ ಮಡಚಿದಂತೆ ಬಂದು ನಿಲ್ಲುತ್ತಿತ್ತು. ಅಳತೆಯಿಲ್ಲದ ವಿಶಾಖಾಳ ಕುಣಿತಕ್ಕೂ ಅಳತೆ ಬಂದಿತ್ತು. ಎಷ್ಟು ಚಂದವೆಂದರೆ ಅನುರಾಧಾಳಿಗೆ ಅದನ್ನು ಹರಿದುಹಾಕಬೇಕೆನಿಸಿತು, ಆಮೇಲೆ ಹರಿದು ಒಳಗೆ ಹೇಗೆ ಹೊಲಿದಿದೆ ನೋಡಬೇಕೆನಿಸಿತು.

ಆರ್ಡರ್ ಯಾರಿಗೆ ಹೋಯಿತೆಂದು ಹೇಳಬೇಕಿಲ್ಲ. "ಈ ಸಲದ್ದು ಅವ್ರು ಮಾಡಲ್ರಿ ಅಕ್ಕಾರ," ಅಂದರು ಮಾಸ್ತರು, ಅವಳ ಮುಖ ನೋಡದೆ.

ಹೊರಗೆ ಬೇವಿನ ಗಿಡದ ಕೆಳಗೆ ಆಮ್ರಪಾಲಿ ಅನುರಾಧಾಳ ಟೂಟೂವನ್ನು ಹಳೇ ಪೇಪರಿನಲ್ಲಿ ಸುತ್ತಿ ಕೈಗೆ ಕೊಟ್ಟಳು. ಮೆಲ್ಲಗೆ ಅಂದಳು:

"ಗಂಜಿ ಹಾಕಬ್ಯಾಡ್ರಿ, ಏನೂ ಅದ್ದಬ್ಯಾಡ್ರಿ ಅಂತ ಸಾವಂತ್ರವ್ವಾರಿಗೆ ಹೇಳಿದ್ದೆನಲ್ರಿ."

ಅನುರಾಧಾಳ ಕಾಲಡಿಯ ನೆಲ ನೆರಿಗೆಯಾಯಿತು. "ನಿನಗ ಹೆಂಗ..."

"ಮಾಶಾಬಿ ಅವ್ವನ ನಂಬರ್ರಿ ಅದು. ಹಬ್ಬಕ್ಕೊಮ್ಮೆ ಆಕಿಗೆ ಫೋನ್ ಮಾಡತೇನಿ. ನಂಬರ್ ಇರಲಿಲ್ಲಾಂದ್ರೂ ಗೊತ್ತಾಗತಿತ್ತು ಬಿಡ್ರಿ. ಕಾಖಂಡಕಿ ಮುದುಕೀನ ನೀವು ಮೂರು ವರ್ಷ ಮಾಡಿ ತೋರಿಸೀರಿ ನನಗ."

ಹಾಗಾದರೆ ಗೊತ್ತಿದ್ದೂ ಹೇಳಿದಳು. ಗೊತ್ತಿದ್ದೂ ನಿಜವನ್ನೇ ಹೇಳಿದಳು! ಬಸ್ಸಿನಲ್ಲಿ ಇಡೀ ದಾರಿ ಅನುರಾಧಾ ಇದನ್ನೇ ಅಗಿದಳು. ಸುಳ್ಳು ಹೇಳಿದ್ದರೆ ಎಷ್ಟು ಛಲೋ ಇತ್ತು. ಬೇಗುದಿಗೊಂದು ಕಾರಣವಾದರೂ ಇರುತ್ತಿತ್ತು. ಮನಸ್ಸಿನ ದೊಡ್ಡತನದಲ್ಲೂ ಅವಳೇ ಮುಂದೆ ಹೋಗಬೇಕೇ? ಅದಕ್ಕೂ ಅಥಣಿ ರಸ್ತೆಯಲ್ಲಿ ಡಿಪ್ಲೊಮಾ ಕೊಡುತ್ತಾರೆಯೇ?

ಶನಿವಾರ ಟೂಟೂವನ್ನು ಮೂರು ನೀರಿನಲ್ಲಿ ತೊಳೆದಳು. ಸಕ್ಕರೆ ಹೋಗಿ ಮತ್ತೆ ಕೋಳಿ ಜೋತುಬಿತ್ತು. ಯಾರೂ ಕೇಳಿರಲಿಲ್ಲ, ಯಾವ ಗ್ಯಾದರಿಂಗಿಗೂ ಅಲ್ಲ, ಆದರೂ ಬಿಚ್ಚಿ ಎಂಟು ಪದರು ಕತ್ತರಿಸಿದಳು. ಕೆಳಗೆ ಗಿಡ್ಡದು, ಮೇಲೆ ಉದ್ದದು. ಟಾಕಿ ಹಾಕಿದಳು. ಬಿಗಿಯಾಯಿತು. ಬಿಚ್ಚಿದಳು. ಸಡಿಲವಾಯಿತು. ಬಿಚ್ಚಿದಳು. ಸೋಮವಾರದ ಹೊತ್ತಿಗೆ ಜಾಳಿಗೆಯಲ್ಲಿ ಹುಟ್ಟಿದ ತೂತಿಗಿಂತ ಸೂಜಿಯ ತೂತುಗಳೇ ಹೆಚ್ಚಾಗಿದ್ದವು. ಮಾಶಾಬಿ ತಾನಾಗಿಯೇ ಫೋನು ತೆಗೆದು ಮುಂದಿಟ್ಟು, ಬೇರೆ ಕಡೆ ತಿರುಗಿ ಕೂತಳು.

"ಹಲೋ. ನಾ ಕಾಖಂಡಕಿ ಸಾವಂತ್ರವ್ವ ಅದೇನವ್ವಾ," ಅಂದಳು ಅನುರಾಧಾ. ಎಲೆಯಡಿಕೆ ಈ ಸಲ ಸರಿಯಾಗಿ ಬಾಯಿ ತುಂಬಲಿಲ್ಲ. "ಆ ಟಾಕಿ ಎಷ್ಟು ಸಡ್ಲ ಬಿಡಬೇಕು?"

ಆ ಕಡೆಯಿಂದ ಬಂದದ್ದು ಆಮ್ರಪಾಲಿಯ ದನಿಯಲ್ಲ.

"ಏಯ್ ಹುಡುಗಿ, ಎಷ್ಟ ಸಲ ಹೇಳಬೇಕು ಬೇ ನಿನಗ? ಕೈ ತೊಳಕೊಂಡು ಮುಟ್ಟು ಅರಿವೀನ. ದಾರ ಹಲ್ಲಿನಿಂದ ಕಡೀಬ್ಯಾಡ, ಕತ್ತರಿ ಏನ್ ಉಪವಾಸ ಐತಿ? ಚಾ ಕುಡದೇನು? ನಿನ್ನ ಲೋಟಾ ನೀನ ತೊಳದು ಮೊಳಿಗೆ ಸಿಗಸು. ಮಾಶಾಬಿ ಲೋಟದಾಗ ಕೂಡಿಸಬ್ಯಾಡ, ಗಿರಾಕಿ ನೋಡ್ತಾವ. ಹೂಂ, ಕುಂದರು ಅಲ್ಲೆ, ಮೆಟ್ಟಲ ಮ್ಯಾಲೆ."

ತುಟಿಯಲ್ಲಿ ಕಚ್ಚಿದ ಪಿನ್ನುಗಳ ನಡುವಿನಿಂದ ಸೋರುವ ಆ ಸಿಳ್ಳೂ ಇತ್ತು. 'ಹೂಂ' ಅನ್ನುವ ಮೊದಲು ಮೂಗಿನಿಂದ ಬಿಡುವ ಆ ಗಾಳಿಯೂ ಇತ್ತು. ಒಂದು ಹೊಲಿಗೆ ತಪ್ಪಿರಲಿಲ್ಲ.

ಅನುರಾಧಾಳ ಕಣ್ಣು ಬಾಗಿಲ ಪಕ್ಕದ ಮೊಳೆಯ ಕಡೆ ಹೋಯಿತು. ಲೋಟ ಅಲ್ಲೇ ಇತ್ತು. ಮಾಶಾಬಿ ಅದರಲ್ಲಿ ಮುರಿದ ಹುಕ್ಕುಗಳನ್ನು ಹಾಕಿಟ್ಟಿದ್ದಳು. ಆ ಮೊಳೆಯನ್ನು ತಾನೇ ಹೊಡೆದದ್ದು ಅನುರಾಧಾಳಿಗೆ ನೆನಪಿತ್ತು. ಯಾಕೆ ಹೊಡೆದೆನೆಂದು ತನ್ನನ್ನು ಯಾರೂ ಕೇಳಿರಲಿಲ್ಲ. ಇಷ್ಟು ವರ್ಷ ಊರಿನವರ ದನಿಯೆಲ್ಲ ತೆಗೆದಿದ್ದಳು. ತನ್ನದು ಹೊರಗಿನವರ ಕಿವಿಗೆ ಹೇಗೆ ಕೇಳುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ. ಇದೇನಾ? ಇಷ್ಟು ಸಣ್ಣದಾ?

ಏನಾದರೂ ಅನ್ನಬೇಕೆಂದು ಬಾಯಿ ತೆರೆದರೆ ಗಂಟಲಿನಲ್ಲಿ ಸಾವಂತ್ರವ್ವ ಇರಲಿಲ್ಲ. ಕಂಡಕ್ಟರ್ ಇರಲಿಲ್ಲ, ಕ್ಯಾಷಿಯರ್ ಇರಲಿಲ್ಲ. ಅಲ್ಲಿ ಉಳಿದಿದ್ದದ್ದು ಒಂದೇ ಒಂದು ಹಳೆಯ, ಖಾಸಾ ಉರಿ: ತಾನು ಯಾರ ದನಿಯನ್ನೂ ಇಷ್ಟು ಚಂದ ಮಾಡಿರಲಿಲ್ಲ. ಇದರಲ್ಲೂ ಹುಡುಗಿ ಮುಂದೆ ಹೋಗಿದ್ದಳು.

"ಆಮ್ರಪಾಲಿ," ಅಂದಳು, ತನ್ನದೇ ದನಿಯಲ್ಲಿ. ಅದು ಕರಕರ ಅಂದಿತು. "ನಾ ಅನುರಾಧಾ ಅದೇನಿ. ಟಾಕಿ ಹೆಂಗ ಹಾಕತಿ, ತೋರಸ್ತೇನು? ನಿಮ್ಮ ಅಂಗಡಿಗೆ ನಾನ ಬರತೇನಿ."

ಆ ಕಡೆ ಕತ್ತರಿ ಕೆಳಗಿಟ್ಟ ಸದ್ದು ಕೇಳಿಸಿತು.

"ನಾಳೆ ಬರ್ರಿ," ಅಂದಳು ಆಮ್ರಪಾಲಿ, ತನ್ನ ದನಿಯಲ್ಲಿ. "ಬರೂವಾಗ ಆ ಲೋಟಾ ತರ್ರಿ. ನಂದು ಅದು."